ಮನುಷ್ಯರೆಲ್ಲ ಹೋದಮೇಲೆ ಯಾರ ರಾಜ್ಯ?

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು. ವಿಕಾಸದ ಪಾಠ ಮುಗಿದ ದಿನ ಯಾರಾದರೊಬ್ಬರು ಕೈ ಎತ್ತಿಯೇ ಎತ್ತುತ್ತಾರೆ: "ಸರ್, ಮನುಷ್ಯರೆಲ್ಲ ಸತ್ತುಹೋದ್ರೆ ಆಮೇಲೆ ಯಾವ ಪ್ರಾಣಿ ಆಳುತ್ತೆ?" ಮದುವೆಮನೆ ಪಂಕ್ತಿಯಲ್ಲಿ ಪಕ್ಕ ಕೂತವರೂ ಇದನ್ನೇ ಕೇಳಿದ್ದಾರೆ. ಹೆಚ್ಚಿನವರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ: ಜಿರಳೆ. ಕೆಲವರು ಚಿಂಪಾಂಜಿ ಎನ್ನುತ್ತಾರೆ, ಈಚೆಗೆ ಆಕ್ಟೋಪಸ್ ಎನ್ನುವವರೂ ಇದ್ದಾರೆ.

ಜಿರಳೆಯ ಮಾತು ಮೊದಲು ಮುಗಿಸುತ್ತೇನೆ. ಅಡುಗೆಮನೆಯ ಕಪಾಟಿನಲ್ಲಿ ಓಡಾಡುವ ಸಣ್ಣ ಕಂದು ಜಿರಳೆ ಕಾಡಿನಲ್ಲಿ ಎಲ್ಲೂ ಸಿಗುವುದಿಲ್ಲ. 2024ರಲ್ಲಿ ಬಂದ ತಳಿ ಅಧ್ಯಯನವೊಂದರ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ, ಹೊಲಬಯಲಿನ ಜಿರಳೆಯೊಂದರಿಂದ ಬೇರೆಯಾಗಿ ಮನುಷ್ಯರ ಮನೆ ಸೇರಿತು. ಆಮೇಲೆ ನಮ್ಮ ಹಡಗು, ನಮ್ಮ ಬೆಚ್ಚನೆಯ ಕಟ್ಟಡಗಳನ್ನು ನಂಬಿಕೊಂಡೇ ಜಗತ್ತೆಲ್ಲ ಹರಡಿತು. ಒಲೆ ಆರಿದ ಮೇಲೆ ಅದರ ಕತೆಯೂ ಕಷ್ಟ.

ಇದು ನನಗೆ ಪುಸ್ತಕಕ್ಕಿಂತ ಮೊದಲು ಗೊತ್ತಾದದ್ದು ಅಜ್ಜಿಮನೆಯಲ್ಲಿ. ಕೊಪ್ಪದ ಕಡೆಯ ಆ ಮನೆಗೆ ಬೀಗ ಬಿದ್ದು ಹನ್ನೆರಡು ವರ್ಷವಾಯಿತು. ಬೇರೆಯವರೆಲ್ಲ ಬೆಂಗಳೂರು ಸೇರಿದ್ದಾರೆ, ನಾನೊಬ್ಬ ಜಿಲ್ಲೆಯಲ್ಲೇ ಉಳಿದಿದ್ದೇನೆ. ಅಜ್ಜಿ ಇದ್ದಾಗ ದೇವರ ಪಟದ ಹಿಂದೆ ಗುಬ್ಬಚ್ಚಿ ಗೂಡು ತಪ್ಪುತ್ತಿರಲಿಲ್ಲ, ಒರಳಿನ ಪಕ್ಕದ ಬಿಲದಲ್ಲಿ ಸುಂಡಿಲಿ. ಮನೆ ಖಾಲಿಯಾದರೆ ಇವೇ ಮೆರೆಯುತ್ತವೆ ಎಂದುಕೊಂಡಿದ್ದೆ. ಕಳೆದ ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಪಟದ ಹಿಂದೆ ನಾಲ್ಕು ಒಣಹುಲ್ಲು, ಬಿಲದ ಬಾಯಿಗೆ ಜೇಡರಬಲೆ. ಅಂಗಳದಲ್ಲಿ ಅಕ್ಕಿ ಕೇರುವವರಿಲ್ಲ, ಗುಬ್ಬಿ ಯಾಕೆ ಬಂದೀತು? ಪಕಾಸಿಗೆ ಗೆದ್ದಲು ಹತ್ತಿತ್ತು, ಅಟ್ಟದಲ್ಲಿ ಬಾವಲಿ. ಅಡಿಕೆ ಒಣಗಿಸುತ್ತಿದ್ದ ಅಂಗಳವನ್ನಂತೂ ಕಾಡುಹಂದಿಗಳು ಕೆಸುವಿನ ಗೆಡ್ಡೆಗಾಗಿ ನೇಗಿಲು ಹೊಡೆದ ಹಾಗೆ ಉತ್ತು ಹಾಕಿದ್ದವು.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸೇಂಟ್ ಕಿಲ್ಡಾ ಎಂಬ ದ್ವೀಪಗಳಿವೆ. ಅಲ್ಲಿ ಉಳಿದಿದ್ದ ಕೊನೆಯ 36 ಜನ 1930ರ ಆಗಸ್ಟ್ 29ರಂದು ಊರು ಬಿಟ್ಟರು. ಆ ಮನೆಗಳಲ್ಲಿ ಅಲ್ಲಿಯದೇ ಒಂದು ಬಗೆಯ ಸುಂಡಿಲಿ ಇತ್ತು. ಜನ ಹೋಗಿ ಕೆಲವೇ ವರ್ಷಗಳಲ್ಲಿ ಅದು ನಿರ್ನಾಮವಾಯಿತು. ಹೊಲದಲ್ಲಿದ್ದ ಇಲಿ ಮಾತ್ರ ಇಂದಿಗೂ ಇದೆ. ಅಲ್ಲಿನ ಸೋಯ್ ಕುರಿಗಳು ಕುರುಬನಿಲ್ಲದೆ, ಮೇವು ಹಾಕುವವರಿಲ್ಲದೆ ಬದುಕುತ್ತಿವೆ. ಚಳಿಗಾಲ ಕೆಟ್ಟದಾದ ವರ್ಷ ರಾಶಿರಾಶಿ ಸಾಯುತ್ತವೆ, ಮತ್ತೆ ಹೆಚ್ಚುತ್ತವೆ.

ಹಾಗಾಗಿ ನನ್ನ ಉತ್ತರದ ಮೊದಲ ಭಾಗ ಇದು: ನಮ್ಮ ಎಂಜಲು ನಂಬಿದವು ನಮ್ಮ ಹಿಂದೆಯೇ ಹೋಗುತ್ತವೆ, ನೆಲ ನಂಬಿದವು ಉಳಿಯುತ್ತವೆ.

ಇದರ ದೊಡ್ಡ ಉದಾಹರಣೆ ಬೆಲಾರುಸ್ ಗಡಿಗೆ ಹತ್ತಿರವಿರುವ ಉಕ್ರೇನಿನ ಚೆರ್ನೋಬಿಲ್. 1986ರ ಏಪ್ರಿಲ್‌ನಲ್ಲಿ ಅಣುಸ್ಥಾವರ ಸಿಡಿದ ಮೇಲೆ ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಿದರು. ಬಿಟ್ಟುಹೋದ ಹೊಲಗಳಲ್ಲಿ ಕಾಡುಹಂದಿ ಜೋರಾಗಿ ಹೆಚ್ಚಿದವು. ಕಡವೆ ಜಾತಿಯ ದೊಡ್ಡ ಪ್ರಾಣಿಗಳು ಬಂದವು, ಅವುಗಳ ಹಿಂದೆ ತೋಳ ಬಂತು. ಬೆಲಾರುಸ್ ಬದಿಯಲ್ಲಿ ಎಣಿಸಿದವರಿಗೆ ಆ ಪ್ರದೇಶದ ಇತರ ರಕ್ಷಿತಾರಣ್ಯಗಳಿಗಿಂತ ಏಳು ಪಟ್ಟು ಹೆಚ್ಚು ತೋಳ ಸಿಕ್ಕವು. ವಿಕಿರಣ ಪ್ರಾಣಿಗಳಿಗೆ ಒಳ್ಳೆಯದೆಂದು ಇದರ ಅರ್ಥವಲ್ಲ. ನಾವು ಅಲ್ಲಿ ಇಲ್ಲದಿರುವುದೇ ಅವುಗಳಿಗೆ ಅಷ್ಟು ದೊಡ್ಡ ಅನುಕೂಲವಾಯಿತು, ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಭದ್ರಾ ಅಭಯಾರಣ್ಯದ ಒಳಗಿದ್ದ ಸುಮಾರು 400 ಕುಟುಂಬಗಳು ಎರಡು ದಶಕದ ಹಿಂದೆ ಹೊರಗೆ ಬಂದು ನೆಲೆಸಿದವು. ಅವರ ಗದ್ದೆಯಿದ್ದ ಕಡೆ ಈಗ ಹುಲ್ಲು, ಜಿಂಕೆ, ಕಾಟಿ.

ಇನ್ನೊಂದು ಲೆಕ್ಕ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಭೂಮಿಯ ಸಸ್ತನಿಗಳನ್ನೆಲ್ಲ ತೂಕಕ್ಕೆ ಹಾಕಿದರೆ ಶೇ. 36 ನಾವು, ಶೇ. 60 ನಮ್ಮ ದನ, ಎಮ್ಮೆ, ಹಂದಿ, ಕುರಿ. ಕಾಡುಪ್ರಾಣಿಗಳ ಪಾಲು ಬರೀ ಶೇ. 4. ಆನೆ, ತಿಮಿಂಗಿಲ, ಹುಲಿ, ಅಳಿಲು ಎಲ್ಲ ಸೇರಿ ಇಷ್ಟು. ನಾವು ಹೋದರೆ ಆ ಶೇ. 60ರಲ್ಲಿ ಹಗ್ಗ ಕಟ್ಟಿದ್ದು, ಕೊಟ್ಟಿಗೆಯಲ್ಲಿ ಕೂಡಿದ್ದು ವಾರದೊಳಗೆ ನೀರಿಲ್ಲದೆ ಸಾಯುತ್ತದೆ. ಆರು ವಾರದಲ್ಲಿ ಕೊಬ್ಬಿ ನಡೆಯಲಾರದಾಗುವ ಫಾರಂ ಕೋಳಿಯ ಗತಿಯೂ ಅದೇ. ಖಾಲಿಯಾಗುವ ಹುಲ್ಲುಗಾವಲು ಅಷ್ಟು ವಿಶಾಲ. ಅದನ್ನು ತುಂಬುವ ಸರದಿಯಲ್ಲಿ ಮೊದಲು ನಿಲ್ಲುವುದು ನಮ್ಮ ಸೀಮೆಯಲ್ಲಂತೂ ಹಂದಿ ಎಂದೇ ನನ್ನ ಎಣಿಕೆ. ಗೆಡ್ಡೆ, ಹುಳು, ಹೆಣ, ಹಣ್ಣು ಏನಾದರೂ ತಿನ್ನುತ್ತದೆ, ಸೂಲಿಗೆ ಐದಾರು ಮರಿ ಹಾಕುತ್ತದೆ. ಹುಲಿ, ಚಿರತೆ, ಕೆನ್ನಾಯಿ ಹೆಚ್ಚುವವರೆಗೂ ಅದನ್ನು ತಡೆಯುವವರಿಲ್ಲ.

ಲಕ್ಷಾಂತರ ವರ್ಷದ ಮಾತು ಬೇರೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಭೂಮಿಯ ಜೀವಿಗಳಲ್ಲಿ ಬಹುಪಾಲು ಅಳಿದಾಗ ನೆಲದ ಮೇಲೆ ಮೆರೆದದ್ದು ಲಿಸ್ಟ್ರೋಸಾರಸ್. ಹಂದಿಯಷ್ಟು ದೊಡ್ಡದು, ಮೋಟು ಮೂತಿ, ಎರಡು ಕೋರೆ, ಬಿಲ ತೋಡುವ ಗಟ್ಟಿ ಮುಂಗಾಲು. ಅದರ ಪಳೆಯುಳಿಕೆ ನಮ್ಮ ದಾಮೋದರ ಕಣಿವೆಯಲ್ಲೂ ಸಿಕ್ಕಿದೆ, ದಕ್ಷಿಣ ಆಫ್ರಿಕಾದಲ್ಲೂ ಅಂಟಾರ್ಕ್ಟಿಕಾದಲ್ಲೂ ಸಿಕ್ಕಿದೆ. ಆ ಕಾಲದ ಅತಿ ಬಲಶಾಲಿ ಬೇಟೆಗಾರ ಪ್ರಾಣಿಗಳು ಅದಕ್ಕೆ ಮೊದಲೇ ಮಣ್ಣಾಗಿದ್ದವು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳು ಹೋದಾಗಲೂ ದಾಟಿ ಬಂದ ನಮ್ಮ ಪೂರ್ವಜರು ಸಣ್ಣ ಮೈಯ ಪ್ರಾಣಿಗಳೇ.

ಆ ಲೆಕ್ಕದಲ್ಲಿ ಒಂದೇ ಹೆಸರು ಹೇಳಿ ಎಂದು ಹಟ ಹಿಡಿದರೆ ಇಲಿ ಎನ್ನುತ್ತೇನೆ. ಸುಂಡಿಲಿಯಲ್ಲ, ತೆಂಗಿನ ಮರದ ಮೇಲೂ ಸಂಸಾರ ಹೂಡುವ ಕಪ್ಪು ಇಲಿ. ಜನರಿಲ್ಲದ ಎಷ್ಟೋ ದ್ವೀಪಗಳಲ್ಲಿ ಅದು ತನ್ನಷ್ಟಕ್ಕೆ ಬದುಕಿಕೊಂಡಿದೆ. ಸಸ್ತನಿ ಜಾತಿಗಳಲ್ಲಿ ಈಗಲೇ ಶೇ. 40ರಷ್ಟು ಇಲಿ, ಅಳಿಲು, ಮುಳ್ಳುಹಂದಿಗಳ ಬಳಗದವು. ಇಷ್ಟು ದೊಡ್ಡ ಬಳಗದಿಂದ ಮುಂದೆ ಹುಲ್ಲು ಮೇಯುವವೂ ಬೇಟೆಯಾಡುವವೂ ಹುಟ್ಟಬಹುದು.

ಚಿಂಪಾಂಜಿಯ ಬಗ್ಗೆ: ಅದು ಮನುಷ್ಯನಾಗಲು ಕಾಯುತ್ತಾ ಕೂತಿಲ್ಲ. ಅದೂ ನಾವೂ ಒಂದೇ ಮೂಲದಿಂದ ಕವಲೊಡೆದು 60-70 ಲಕ್ಷ ವರ್ಷವಾಯಿತು, ಅದು ಅದರ ದಾರಿಯಲ್ಲಿದೆ. ಆಕ್ಟೋಪಸ್ ಜಾಣ, ನಿಜ. ಆದರೆ ಹೆಚ್ಚಿನವು ಒಂದೆರಡು ವರ್ಷ ಬದುಕುತ್ತವೆ, ಮೊಟ್ಟೆ ಕಾದು ತಾಯಿ ಸಾಯುತ್ತಾಳೆ. ಕಲಿತದ್ದನ್ನು ಮರಿಗೆ ಕಲಿಸುವವರೇ ಇಲ್ಲ.

ಈ ವರ್ಷ ಇಷ್ಟೆಲ್ಲ ಹೇಳಿ ಮುಗಿಸಿದಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮನೆ ಗೌರಿ ಏನಾಗ್ತಾಳೆ?" ಗೌರಿ ಅವರ ಹಸು. ಯಾವ ತಳಿ ಎಂದು ಕೇಳಿದೆ. ಮಲೆನಾಡು ಗಿಡ್ಡ. ನನಗೆ ನಿಜಕ್ಕೂ ಸಮಾಧಾನವಾಯಿತು. ಸ್ಕಾಟ್ಲೆಂಡಿನ ಸ್ವೋನಾ ದ್ವೀಪದಲ್ಲಿ 1974ರಲ್ಲಿ ಕೊನೆಯ ಮನೆಯವರು ಬಿಟ್ಟುಹೋದ ದನಗಳ ಸಂತತಿ ಕಾಡುದನವಾಗಿ ಉಳಿದುಕೊಂಡದ್ದನ್ನು ಅವಳಿಗೆ ಹೇಳಿದೆ. ಗಿಡ್ಡ ಬೆಟ್ಟದಲ್ಲಿ ತಾನೇ ಮೇದು ಬರುತ್ತದೆ, ಯಾರ ಸಹಾಯವೂ ಇಲ್ಲದೆ ಕರು ಹಾಕುತ್ತದೆ, ಹಿಂಡಿ ಕೇಳುವುದಿಲ್ಲ. ಚಿರತೆಯ ಕಾಟ ಇದ್ದೇ ಇರುತ್ತದೆ, ಆದರೂ ಹಿಂಡು ಉಳಿದೀತು.

"ರಾತ್ರಿ ಕಟ್ಟಿ ಹಾಕಿರ್ತೀವಲ್ಲ ಸರ್, ಬಿಚ್ಚೋರು ಯಾರು?" ಎಂದಳು.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.