ರೊಟ್ಟಿಗೂ ಬಸ್ಸಿಗೂ ನಡುವೆ ಪ್ರಾರ್ಥನೆಯ ಹೊತ್ತು

ಬೀದರಿನ ನಮ್ಮ ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆಯ ಬೇಡಿಕೆಗಳನ್ನು ಕೇಳುವಾಗ ಮಕ್ಕಳ ಪರೀಕ್ಷೆ, ಮನೆಯವರ ಆರೋಗ್ಯ, ಸಾಲದ ಚಿಂತೆ ಎಲ್ಲವೂ ಬಂದು ಹೋದ ಮೇಲೆ ಒಬ್ಬರಾದರೂ ಹೆಣ್ಣುಮಗಳು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ: ‘ಪ್ರಾರ್ಥನಿ ಮಾಡ್ಲಾಕ ನನಗ ಟೈಮೇ ಸಿಗಲ್ದಂಗ ಆಗ್ಯಾದ, ಅದಕ್ಕೂ ಪ್ರಾರ್ಥನಿ ಮಾಡ್ರಿ.’ ಈ ಮಾತನ್ನು ಸೋಮಾರಿತನವೆಂದು ತಳ್ಳಿಹಾಕುವವರಿದ್ದಾರೆ. ಹಾಗೆ ಹೇಳುವವಳ ದಿನವನ್ನು ಬಲ್ಲವರು ಅದನ್ನು ಒಪ್ಪಲಾರರು. ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಸುಕಿನಲ್ಲಿ ರೊಟ್ಟಿ, ಪಲ್ಯ, ಮಕ್ಕಳ ಡಬ್ಬಿ ಮುಗಿಸಿ ಹುಮನಾಬಾದ್ ಕಡೆಯ ಬಸ್ಸು ಹಿಡಿಯುತ್ತೇನೆ. ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಆಗಾಗ ಸಮೀಕ್ಷೆ ಅಥವಾ ಚುನಾವಣೆಯ ಕೆಲಸ. ಸಂಜೆ ಮನೆಗೆ ಬಂದರೆ ಒಲೆ ಮತ್ತೆ ಕಾಯುತ್ತಿರುತ್ತದೆ. ನನಗಿಂತ ಹೆಚ್ಚು ದುಡಿಯುವ ಅಕ್ಕತಂಗಿಯರು ನಮ್ಮ ಸಭೆಯಲ್ಲೇ ಇದ್ದಾರೆ. ಆದ್ದರಿಂದ ಈ ವಿಷಯವನ್ನು ಉಪದೇಶವಾಗಿ ಅಲ್ಲ, ನಾನು ದಿನವೂ ಬದುಕುತ್ತಿರುವ ಪ್ರಶ್ನೆಯಾಗಿ ಬರೆಯುತ್ತಿದ್ದೇನೆ.

ಇಂಥ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ನಾಲ್ಕು ಗಂಟೆಗೆ ಏಳಿರಿ ಎಂಬುದು ಒಂದು. ಮೆಥೋಡಿಸ್ಟರಾದ ನಮಗೆ ಇದನ್ನು ಹೇಳುವಾಗ ನಮ್ಮ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಉದಾಹರಣೆಯನ್ನು ಕೊಡುತ್ತಾರೆ. ಅವರು ದಶಕಗಳ ಕಾಲ ನಾಲ್ಕು ಗಂಟೆಗೆ ಏಳುತ್ತಿದ್ದುದು ನಿಜವೇ. ಆದರೆ ಅವರು ರಾತ್ರಿ ಹತ್ತರೊಳಗೆ ಮಲಗುತ್ತಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ನಿದ್ರೆಯ ಬಗ್ಗೆ ಬರೆಯುವಾಗ ಅವರು, ಆರೋಗ್ಯವಂತ ಗಂಡಸಿಗೆ ಆರು ಗಂಟೆಗಿಂತ ತುಸು ಹೆಚ್ಚು, ಹೆಂಗಸಿಗೆ ಏಳು ಗಂಟೆಗಿಂತ ತುಸು ಹೆಚ್ಚು ನಿದ್ರೆ ಬೇಕೆಂದು ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು ಎಲ್ಲರಿಗಿಂತ ಮೊದಲು ಏಳುವಾಗ ಅವಳ ಪಾಲಿನ ಆ ಏಳು ಗಂಟೆಗಳು ಎಲ್ಲಿ ಹೋದವು ಎಂದು ಮೊದಲು ಕೇಳಬೇಕು. ನಸುಕಿನಲ್ಲಿ ಎದ್ದು ತಡವಾಗಿ ಮಲಗಿ ಕಷ್ಟದ ಅನ್ನವನ್ನು ತಿನ್ನುವುದು ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ರೆಯನ್ನು ಕೊಡುತ್ತಾನೆ ಎಂದು ಸತ್ಯವೇದದ (ಬೈಬಲಿನ) 127ನೆಯ ಕೀರ್ತನೆ ಹೇಳುತ್ತದೆ. ನಿದ್ರೆಗೆಟ್ಟ ಶರೀರವನ್ನು ಇನ್ನೂ ಒಂದು ತಾಸು ಹಿಂಡಿ ತೆಗೆದ ಪ್ರಾರ್ಥನೆ ಬಹುಕಾಲ ಉಳಿಯುವುದಿಲ್ಲ.

ಎರಡನೆಯ ಉತ್ತರ ಮೃದುವಾಗಿದೆ. ಅದಕ್ಕೇ ನಾನು ಅದರ ಬಗ್ಗೆ ಹೆಚ್ಚು ಯೋಚಿಸಿದ್ದೇನೆ. ಬೇರೆಯಾಗಿ ಕೂತುಕೊಳ್ಳುವ ಅಗತ್ಯವೇನು, ಕೆಲಸ ಮಾಡುತ್ತಲೇ ಪ್ರಾರ್ಥಿಸಬಹುದಲ್ಲ, ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಅಪೊಸ್ತಲ ಪೌಲನೇ ಥೆಸಲೋನಿಕದ ಸಭೆಯವರಿಗೆ ಬರೆದಿದ್ದಾನಲ್ಲ ಎಂಬುದು ಆ ಉತ್ತರ. ಇದು ಸುಳ್ಳಲ್ಲ. ಆದರೆ ಇದು ಅರ್ಧ ಮಾತು, ಮತ್ತು ಉಳಿದರ್ಧ ಯಾವುದೆಂಬುದನ್ನು ಸತ್ಯವೇದದ ನೆಹೆಮೀಯನ ಪುಸ್ತಕ ಬಹಳ ಚೆನ್ನಾಗಿ ತೋರಿಸುತ್ತದೆ.

ನೆಹೆಮೀಯನು ಪಾರಸಿಯ (ಪರ್ಷಿಯಾ) ದೇಶದ ಅರಮನೆಯಲ್ಲಿ ಅರಸನಿಗೆ ದ್ರಾಕ್ಷಾರಸ ಕೊಡುವ ಯೆಹೂದ್ಯ ಸೇವಕ. ಒಂದು ದಿನ ಅವನ ಬಾಡಿದ ಮುಖವನ್ನು ನೋಡಿ ಅರ್ತಷಸ್ತ ರಾಜನು ನಿನಗೇನು ಬೇಕು ಎಂದು ಕೇಳುತ್ತಾನೆ. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ, ಪಾತ್ರೆ ಕೈಯಲ್ಲಿರುವಾಗಲೇ ಎನ್ನಬಹುದು, ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿ ಆಮೇಲೆ ಬಾಯಿ ತೆರೆಯುತ್ತಾನೆ. ಆ ಪ್ರಾರ್ಥನೆಯ ಮಾತುಗಳೇನೆಂದು ಪುಸ್ತಕದಲ್ಲಿಲ್ಲ. ಅದಕ್ಕೆ ಸಿಕ್ಕಿದ್ದು ಒಂದು ಉಸಿರಿನಷ್ಟು ಹೊತ್ತು ಮಾತ್ರ. ಕೆಲಸದ ನಡುವಿನ ಪ್ರಾರ್ಥನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸತ್ಯವೇದದಲ್ಲಿ ನನಗೆ ಕಂಡಿಲ್ಲ. ಆದರೆ ಅದರ ಹಿಂದಿನ ಅಧ್ಯಾಯವನ್ನು ಓದಬೇಕು. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಅವನಿಗೆ ಮುಟ್ಟಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ, ಅರಸನು ಪ್ರಶ್ನೆ ಕೇಳಿದ್ದು ನೀಸಾನ್ ತಿಂಗಳಲ್ಲಿ. ಈ ಸುಮಾರು ನಾಲ್ಕು ತಿಂಗಳ ಆರಂಭದಲ್ಲೇ ಅವನು ಕುಳಿತು ಅತ್ತು, ಉಪವಾಸವಿದ್ದು, ಹಗಲಿರುಳು ದೇವರ ಮುಂದೆ ಬೇಡಿಕೊಂಡದ್ದನ್ನು ಬರೆದಿಟ್ಟಿದ್ದಾನೆ. ಅರಸನ ಮುಂದಿನ ಆ ಒಂದು ಉಸಿರಿನ ಪ್ರಾರ್ಥನೆಗೆ ನಾಲಗೆ ಸಿಕ್ಕಿದ್ದು ಈ ತಿಂಗಳುಗಳಿಂದ. ಬಸ್ಸಿನಲ್ಲಿ, ತರಗತಿಯ ಬಾಗಿಲಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ನಾವು ಹೇಳುವ ‘ಕರ್ತನೇ’ ಎಂಬ ಒಂದೇ ಪದವೂ ಹೀಗೆಯೇ. ಬೇರೆಯಾಗಿ ಕೂತ ಹೊತ್ತು ಇಲ್ಲವಾದರೆ ಆ ಪದ ಮೊದಲು ಅಭ್ಯಾಸವಾಗಿ, ಆಮೇಲೆ ನಿಟ್ಟುಸಿರಾಗಿ, ಕೊನೆಗೆ ಮರೆತೇ ಹೋಗುತ್ತದೆ.

ಇದಕ್ಕೆ ಎದುರಾಗಿ ಬ್ರದರ್ ಲಾರೆನ್ಸ್ ಅವರ ಹೆಸರನ್ನು ತರುವವರಿದ್ದಾರೆ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಈ ಸಹೋದರರು, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿ ತಮಗೆ ಪ್ರಾರ್ಥನೆಯ ಹೊತ್ತಿನಷ್ಟೇ ಹತ್ತಿರವಿತ್ತು ಎಂದು ಹೇಳಿದ್ದುಂಟು. ಆದರೆ ಅವರು ಇದ್ದದ್ದು ಮಠದಲ್ಲಿ. ಅಲ್ಲಿ ಗಂಟೆ ಬಾರಿಸಿದರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಪ್ರಾರ್ಥನೆಗೆ ಹೋಗಬೇಕು. ಆ ಸ್ಥಿತಿ ತಮಗೆ ಬಂದದ್ದು ಹಲವು ವರ್ಷಗಳ ಒದ್ದಾಟದ ನಂತರ ಎಂದೂ ಅವರು ಹೇಳಿಕೊಂಡಿದ್ದಾರೆ. ಅವರ ಕೊನೆಯ ಮೆಟ್ಟಿಲನ್ನು ನಮ್ಮ ಮೊದಲ ಮೆಟ್ಟಿಲಾಗಿಸುವುದು ನ್ಯಾಯವಲ್ಲ.

ನಾನು ಇದನ್ನು ಹತ್ತಿರದಿಂದ ಕಂಡದ್ದು ನಮ್ಮ ಅತ್ತೆಯವರಲ್ಲಿ. ಅವರಿಗೆ ಓದು ಬರುವುದಿಲ್ಲ. ಊರಿನ ಗುಡಿಸಲಿನಂಥ ಪ್ರಾರ್ಥನಾಮಂದಿರದಲ್ಲಿ, ಕಂದೀಲಿನ ಬೆಳಕಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ 23ನೆಯ ಮತ್ತು 121ನೆಯ ಕೀರ್ತನೆಗಳೇ ಅವರ ಆಸ್ತಿ. ಎದ್ದ ಕೂಡಲೇ ಹಾಸಿಗೆಯ ಮೇಲೆಯೇ ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಈ ಎರಡನ್ನೂ ನಿಧಾನವಾಗಿ ಹೇಳಿ ಮುಗಿಸುವವರೆಗೆ ಅವರು ಯಾರು ಕರೆದರೂ ಓಗೊಡುವುದಿಲ್ಲ. ಆಮೇಲೆ ಒಲೆಯ ಮುಂದೆ ಕೂತಾಗ ಅವರ ಇನ್ನೊಂದು ಪ್ರಾರ್ಥನೆ ಶುರುವಾಗುತ್ತದೆ. ಜೋಳದ ರೊಟ್ಟಿಯನ್ನು ಬಡಿದು ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿದರೆ, ಆ ನೀರು ಆರುವವರೆಗೆ ಕೈಗೆ ಕೆಲಸವಿರುವುದಿಲ್ಲ. ಅಷ್ಟರಲ್ಲಿ ಅವರು ಒಂದು ಹೆಸರು ಹೇಳುತ್ತಾರೆ: ಪುಣೆಗೆ ದುಡಿಯಲು ಹೋದ ಮಗ, ಬಸುರಿಯಾದ ಮೊಮ್ಮಗಳು, ಬೋರ್‌ವೆಲ್ ಬತ್ತಿದ ಪಕ್ಕದ ಹೊಲದವರು. ರೊಟ್ಟಿ ತಿರುವಿ ಹಾಕುವಾಗ ‘ಆಮೆನ್’. ಈ ಒಲೆಯ ಮುಂದಿನ ಪ್ರಾರ್ಥನೆಯನ್ನು ಮೆಚ್ಚುವವರು ಬಹಳ ಜನ; ಆದರೆ ಅದಕ್ಕೆ ಆಧಾರವಾಗಿರುವುದು ಹಾಸಿಗೆಯ ಮೇಲೆ ಯಾರಿಗೂ ಓಗೊಡದೆ ಕೂತ ಆ ಸ್ವಲ್ಪ ಹೊತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹಾಗಾದರೆ ಆ ಹೊತ್ತು ಎಷ್ಟಿರಬೇಕು, ಯಾವಾಗ ಇರಬೇಕು? ಸಮಯ ಸಿಕ್ಕಾಗ ಮಾಡುತ್ತೇನೆ ಎಂದವರಿಗೆ ಅದು ಸಿಗುವುದೇ ಇಲ್ಲ; ನಮ್ಮೂರ ಬಸ್ಸು ಹೇಗೆ ನಮಗಾಗಿ ಕಾಯದೆ ನಾವೇ ಅದರ ಹೊತ್ತಿಗೆ ನಿಲ್ದಾಣದಲ್ಲಿರಬೇಕೋ ಹಾಗೆ ಇದಕ್ಕೂ ಒಂದು ಹೊತ್ತು ಗೊತ್ತಾಗಿರಬೇಕು. ಸತ್ಯವೇದದ ದಾನಿಯೇಲನು 120 ಮಂದಿ ದೇಶಾಧಿಪತಿಗಳ ಲೆಕ್ಕ ತೆಗೆದುಕೊಳ್ಳುವ ಮೂವರು ಮೇಲಧಿಕಾರಿಗಳಲ್ಲಿ ಒಬ್ಬನಾಗಿದ್ದನು. ಇಂದಿನ ಯಾವ ಕಚೇರಿಯ ಯಾವ ಅಧಿಕಾರಿಗೂ ಅವನಿಗಿಂತ ಹೆಚ್ಚು ಕಡತಗಳು ಇರಲಾರವು. ಆದರೂ ಅವನು ದಿನಕ್ಕೆ ಮೂರು ಬಾರಿ ಮನೆಯ ಮಾಳಿಗೆಯ ಕೋಣೆಯಲ್ಲಿ ಮೊಣಕಾಲೂರುತ್ತಿದ್ದನು. ರಾಜನಿಗಲ್ಲದೆ ಬೇರೆ ಯಾರಿಗೂ ಬೇಡಿಕೊಳ್ಳಬಾರದೆಂಬ ರಾಜಾಜ್ಞೆ ಹೊರಟ ಮೇಲೂ ಮೊದಲಿನಂತೆಯೇ ಮಾಡಿದನು. ಆದಿಸಭೆಯ ಹಳೆಯ ಬೋಧನೆಯಾದ ದಿದಖೆಯಲ್ಲಿ ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಿರಿ ಎಂದಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸಿ ಅವಸರವಿಲ್ಲದೆ ಹೇಳಿದರೂ ಅದಕ್ಕೆ ಒಂದು ನಿಮಿಷ ಸಾಕು. ಆದ್ದರಿಂದ ಹೊತ್ತಿನ ಉದ್ದಕ್ಕಿಂತ ಅದರ ಜಾಗ ನಿಶ್ಚಯವಾಗಿರುವುದು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಅಕ್ಕಂದಿರಿಗೆ ಮುಂಜಾನೆಯೇ ಬೇಕೆಂಬ ನಿಯಮವಿಲ್ಲ. ಪಾಳಿ ಬದಲಾದ ಕೂಡಲೇ, ಮನೆಯ ಬಾಗಿಲು ದಾಟುವ ಮೊದಲು ಎಂದಿಟ್ಟುಕೊಂಡರೂ ಅದು ಗೊತ್ತಾದ ಹೊತ್ತೇ.

ಜಾಗದ ಮಾತೂ ಬರುತ್ತದೆ. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಕರ್ತನು ಹೇಳಿದ್ದಾನೆ. ಆದರೆ ಎರಡು ಕೋಣೆಯ ಮನೆಯಲ್ಲಿ ಆರು ಜನವಿದ್ದರೆ ಮುಚ್ಚಲು ಬಾಗಿಲು ಯಾವುದು? ನಮ್ಮ ಕಡೆ ಬೇಸಿಗೆಯ ರಾತ್ರಿ ಎಲ್ಲರೂ ಮಲಗುವ ಮಾಳಿಗೆ ಹಗಲು ಖಾಲಿಯಿರುತ್ತದೆ. ಯೇಸುವಿನ ಶಿಷ್ಯ ಪೇತ್ರನು ಯೊಪ್ಪ ಊರಿನಲ್ಲಿ ನಡುಮಧ್ಯಾಹ್ನ ಪ್ರಾರ್ಥನೆಗೆಂದು ಹತ್ತಿದ್ದೂ ಮಾಳಿಗೆಯನ್ನೇ, ಅದೂ ಕೆಳಗೆ ಊಟ ಸಿದ್ಧವಾಗುತ್ತಿದ್ದಾಗ, ಹೊಟ್ಟೆ ಹಸಿದಿದ್ದಾಗ. ಹೊರಗೆ ಜನರಿದ್ದರೂ ಒಳಗೆ ಬಾಗಿಲು ಮುಚ್ಚಿಕೊಳ್ಳಲು ಸೆರಗೊಂದೇ ಸಾಕು ಎಂಬುದನ್ನು ನನಗೆ ಅತ್ತೆಯವರು ಕಲಿಸಿದ್ದಾರೆ.

ಕೂತ ಮೇಲೆ ಮನಸ್ಸು ನಿಲ್ಲುವುದಿಲ್ಲ ಎನ್ನುವವರಿಗೆ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ವಿಟೆನ್‌ಬರ್ಗ್‌ನ ತಮ್ಮ ಕ್ಷೌರಿಕ ಪೀಟರ್‌ಗಾಗಿ ಬರೆದ ಸಲಹೆಯನ್ನು ನೆನಪಿಸಬೇಕು. ಪಂಡಿತರಿಗಲ್ಲ, ದಿನವೆಲ್ಲ ನಿಂತು ದುಡಿಯುವ ಒಬ್ಬ ಕೆಲಸಗಾರನಿಗೆ ಬರೆದದ್ದು ಎಂಬ ಕಾರಣಕ್ಕೇ ಅದು ನನಗೆ ಪ್ರಿಯ. ಬೆಳಿಗ್ಗೆ ಮೊದಲ ಕೆಲಸವಾಗಿಯೂ ರಾತ್ರಿ ಕೊನೆಯ ಕೆಲಸವಾಗಿಯೂ ಪ್ರಾರ್ಥನೆ ಇರಲಿ. ‘ಸ್ವಲ್ಪ ತಡೆ, ಇದೊಂದು ಮುಗಿಸಿ ಒಂದು ತಾಸಿನಲ್ಲಿ ಪ್ರಾರ್ಥಿಸುತ್ತೇನೆ’ ಎಂಬ ವಿಚಾರದ ಬಗ್ಗೆ ಎಚ್ಚರವಾಗಿರು ಎಂದು ಅವರು ಹೇಳುತ್ತಾರೆ. ಒಳ್ಳೆಯ ಕ್ಷೌರಿಕನ ಕಣ್ಣು, ಮನಸ್ಸು ಎರಡೂ ಕತ್ತಿಯ ಮೇಲೂ ಕೂದಲಿನ ಮೇಲೂ ಇರುತ್ತವೆಯಲ್ಲ, ಪ್ರಾರ್ಥನೆಯಲ್ಲೂ ಹಾಗಿರಲಿ ಎನ್ನುತ್ತಾರೆ. ಕರ್ತನ ಪ್ರಾರ್ಥನೆಯ ಒಂದೊಂದು ಬೇಡಿಕೆಯನ್ನೂ ತೆಗೆದುಕೊಂಡು ಅದರ ಮೇಲೆ ನಿಂತು ಮಾತಾಡುವ ಅವರ ಕ್ರಮವನ್ನು ನಾನು ಪಾಲಿಸುತ್ತೇನೆ. ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿ ಬಿಸಿಯೂಟಕ್ಕಾಗಿಯೇ ಶಾಲೆಗೆ ಬರುವ ಮಕ್ಕಳು ನೆನಪಾಗುತ್ತಾರೆ. ಕೆಲವೊಮ್ಮೆ ಬೆಳಗಿನ ಹೊತ್ತೆಲ್ಲ ಆ ಒಂದೇ ಬೇಡಿಕೆಯಲ್ಲಿ ಕಳೆಯುತ್ತದೆ. ಮೊಬೈಲಿನಲ್ಲಿ ಬರುವ ‘ಇಂದಿನ ವಾಕ್ಯ’ವನ್ನು ಇನ್ನೊಂದು ಗುಂಪಿಗೆ ಕಳಿಸುವುದು ಒಳ್ಳೆಯದೇ ಇರಬಹುದು, ಆದರೆ ಅದನ್ನು ಪ್ರಾರ್ಥನೆಯೆಂದು ಲೆಕ್ಕ ಹಾಕಬಾರದು.

ಇಂಥ ಹೊತ್ತಿನಿಂದ ಕೆಲಸ ಹಿಂದೆ ಬೀಳುವುದಿಲ್ಲವೇ ಎಂಬ ಪ್ರಶ್ನೆಗೆ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಉತ್ತರವಿದೆ. ಕಪೆರ್ನೌಮಿನಲ್ಲಿ ಒಂದು ಸಬ್ಬತ್ ದಿನ (ಯೆಹೂದ್ಯರ ವಿಶ್ರಾಂತಿಯ ದಿನ) ಯೇಸು ಸಭಾಮಂದಿರದಲ್ಲಿ ಬೋಧಿಸಿ, ಶಿಷ್ಯನಾದ ಸೀಮೋನನ ಅತ್ತೆಯ ಜ್ವರ ಬಿಡಿಸಿ, ಹೊತ್ತು ಮುಳುಗಿದ ಮೇಲೆ ಊರೆಲ್ಲ ಬಾಗಿಲಿಗೆ ಬಂದು ನಿಂತಾಗ ರೋಗಿಗಳನ್ನು ಗುಣಪಡಿಸಿದನು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದರು. ಅವನು ಹಿಂದಿರುಗಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ, ಅಲ್ಲಿಯೂ ಸಾರಬೇಕು, ಅದಕ್ಕಾಗಿಯೇ ಬಂದಿದ್ದೇನೆ ಎಂದನು. ಕಪೆರ್ನೌಮಿನಲ್ಲಿ ಮಾಡುವ ಕೆಲಸ ಇನ್ನೂ ಉಳಿದಿತ್ತು ಎಂಬುದರಲ್ಲಿ ಸಂಶಯವಿಲ್ಲ. ಯಾವ ಕೆಲಸ ತನ್ನದು, ಯಾವುದು ಅಲ್ಲ ಎಂಬ ತೀರ್ಮಾನ ಪ್ರಾರ್ಥನೆಯಿಂದ ಎದ್ದವನ ಬಾಯಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಎಲ್ಲರಿಗೂ ಎಲ್ಲದಕ್ಕೂ ಹೂಂ ಎನ್ನುವುದೇ ಸೇವೆ ಎಂದು ಬೆಳೆದ ನಮ್ಮಂಥ ಹೆಣ್ಣುಮಕ್ಕಳು ಈ ಭಾಗವನ್ನು ಮತ್ತೆ ಮತ್ತೆ ಓದಬೇಕು.

ಆದರೆ ಈ ಹೊರೆಯನ್ನು ಹೆಣ್ಣುಮಕ್ಕಳ ಮೇಲೆಯೇ ಬಿಡುವುದು ಸರಿಯಲ್ಲ. ತನ್ನ ಮಾತು ಕೇಳುತ್ತ ಕೂತ ಮರಿಯಳು ಒಳ್ಳೆಯ ಭಾಗವನ್ನು ಆರಿಸಿಕೊಂಡಿದ್ದಾಳೆ ಎಂದು, ಮನೆಗೆಲಸದಲ್ಲಿ ಮುಳುಗಿದ್ದ ಅವಳ ಸಹೋದರಿ ಮಾರ್ಥಳಿಗೆ ಯೇಸು ಹೇಳಿದ ಮಾತಿನ ಮೇಲೆ ಪ್ರಸಂಗ ಮಾಡಿ, ಮುಗಿದ ಮೇಲೆ ಪ್ರೀತಿಭೋಜನದ ಅಡುಗೆಯನ್ನು ಹೆಂಗಸರಿಗೇ ಒಪ್ಪಿಸುವ ರೂಢಿಯನ್ನು ನಾನು ಒಪ್ಪಲಾರೆ. ಮನೆ ಪ್ರಾರ್ಥನೆಯಲ್ಲಿ ಗಂಡಸರು ಚಾಪೆಯ ಮೇಲೆ ಕೂತು ಹಾಡುವಾಗ ತಾಯಿ ಅಡುಗೆಮನೆಯಿಂದಲೇ ಪಲ್ಲವಿಗೆ ದನಿಗೂಡಿಸುವುದು ನಮ್ಮಲ್ಲಿ ಬಹಳ ಕಡೆ ಉಂಟು. ನಮ್ಮ ಮನೆಯವರು ಬೆಳಿಗ್ಗೆ ಮಕ್ಕಳ ಸ್ನಾನ, ಡಬ್ಬಿ ಕಟ್ಟುವುದು ಎರಡನ್ನೂ ವಹಿಸಿಕೊಂಡಿದ್ದರಿಂದ ನನಗೆ ಹೊತ್ತು ಉಳಿಯಿತು. ಪ್ರಾರ್ಥನೆಗೆ ಸಮಯ ಮಾಡಿಕೊಳ್ಳುವ ಮಾತು ಬಹುಪಾಲು ಮನೆಗಳಲ್ಲಿ ಕೆಲಸ ಹಂಚಿಕೊಳ್ಳುವ ಮಾತೇ ಆಗಿರುತ್ತದೆ; ಹೆಂಡತಿಗಾಗಿ ಪ್ರಾರ್ಥಿಸುವ ಗಂಡಂದಿರು ಅವಳ ಕೈಯಲ್ಲಿನ ಒಂದು ಕೆಲಸವನ್ನೂ ತೆಗೆದುಕೊಳ್ಳಲಿ.

ಸಭೆಗೂ ಇದರಲ್ಲಿ ಪಾಲಿದೆ. ಉಪವಾಸ ಪ್ರಾರ್ಥನೆಯನ್ನು ವಾರದ ನಡುವೆ ಹಗಲು ಹೊತ್ತಿನಲ್ಲಿ ಇಟ್ಟರೆ ಕೂಲಿಗೆ ಹೋಗುವವರು, ಶಾಲೆ ಆಸ್ಪತ್ರೆಗಳಲ್ಲಿ ದುಡಿಯುವವರು ಬರಲು ಸಾಧ್ಯವೇ ಇಲ್ಲ. ಡಿಸೆಂಬರ್, ಜನವರಿ ತಿಂಗಳುಗಳಲ್ಲಂತೂ ಕ್ರಿಸ್ಮಸ್ ಸಿದ್ಧತೆಯೂ ತೊಗರಿ ಕೊಯ್ಲು, ರಾಶಿಯೂ ಒಟ್ಟಿಗೇ ಬರುತ್ತವೆ. ಹಳ್ಳಿಯ ನಮ್ಮ ಅಕ್ಕಂದಿರು ಹೊಲದಿಂದ ಬರುವಾಗ ಕತ್ತಲಾಗಿರುತ್ತದೆ. ಹೊಲದ ಕೆಲಸ ಮುಗಿಸಿ ಬಂದವರಿಗಾಗಿ ರಾತ್ರಿ ಪ್ರಾರ್ಥನೆ ಇಡುತ್ತಿದ್ದ ಹಿಂದಿನ ಸಭಾಪಾಲಕರ ರೂಢಿಯನ್ನು ಅತ್ತೆಯವರು ಈಗಲೂ ನೆನೆಯುತ್ತಾರೆ. ಈ ಸುಗ್ಗಿಯಲ್ಲಿ ವಾರಕ್ಕೆ ಒಂದು ಕೂಟವನ್ನಾದರೂ ಊಟದ ನಂತರದ ಹೊತ್ತಿಗೆ, ಅರ್ಧ ತಾಸಿಗೆ ಮೀರದಂತೆ, ಓಣಿಯಲ್ಲೇ ಇಡಬೇಕೆಂದೂ, ಅಂದು ಚಹಾ ಮಾಡುವ ಕೆಲಸವನ್ನು ಗಂಡಸರು ವಹಿಸಿಕೊಳ್ಳಬೇಕೆಂದೂ ನಮ್ಮ ಸಭೆಯ ಹಿರಿಯರಲ್ಲಿ ಕೇಳಿಕೊಂಡಿದ್ದೇನೆ. ಯಾದಗಿರಿ, ಕಲಬುರಗಿ ಕಡೆಯ ಸಭೆಗಳಲ್ಲಿ ಇಂಥ ಕೂಟ ಈಗಾಗಲೇ ನಡೆಯುತ್ತಿದ್ದರೆ ಯಾವ ವಾರ, ಯಾವ ಹೊತ್ತು ಅನುಕೂಲವಾಯಿತು ಎಂದು ದಯವಿಟ್ಟು ತಿಳಿಸಿರಿ. ಹಿರಿಯರ ಮುಂದೆ ಇಡಲು ನನಗೆ ಅದು ಬೇಕಾಗಿದೆ.