ಕೆಪಾಸಿಟರ್ ಕೊಂಡಿ ಒತ್ತಿದರೆ ಡಯಲ್ ದಾರದ ಪುಟ: ವರ್ಡ್‌ಪ್ರೆಸ್‌ನ ಕನ್ನಡ ಸ್ಲಗ್‌ಗಳ ಜೊತೆ ಒಂದು ಗುದ್ದಾಟ

ಹಳೆಯ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ರೇಡಿಯೊಗಳ ದುರಸ್ತಿ ಟಿಪ್ಪಣಿಗಳಿಗಾಗಿ, ಒಂದು ಸಾಲು ಕೋಡ್ ಕೂಡ ಬರೆಯದೆ ವರ್ಡ್‌ಪ್ರೆಸ್‌ನಲ್ಲಿ ಕಟ್ಟುತ್ತಿರುವ ಜಾಲತಾಣದಲ್ಲಿ ಬಹಳ ಕಾಲ ಕಾಡಿದ ಗಂಟೊಂದು ಕೊನೆಗೂ ಬಿಚ್ಚಿಕೊಂಡಿದೆ. ಗಂಟಿದ್ದದ್ದು ಸ್ಲಗ್‌ನಲ್ಲಿ, ಅಂದರೆ ಕೊಂಡಿಯ ಕೊನೆಯಲ್ಲಿ ಶೀರ್ಷಿಕೆಯಿಂದ ಮೂಡುವ, ಬರಹವನ್ನು ಗುರುತಿಸುವ ಹೆಸರಿನಲ್ಲಿ. ಡೊಮೇನ್, ಹೋಸ್ಟಿಂಗ್, ಎಸ್‌ಎಸ್‌ಎಲ್ ಮುಂತಾದವುಗಳ ಕಥೆಯನ್ನು ಇಲ್ಲಿ ಬರೆಯುವುದಿಲ್ಲ. ಈ ಹವ್ಯಾಸಕ್ಕೆ ಬಿದ್ದವರೆಲ್ಲ ಆ ದಾರಿಯನ್ನು ದಾಟಿಯೇ ಬಂದಿರುತ್ತೀರಿ. ಥೀಮ್ (ತಾಣದ ಸಿದ್ಧ ವಿನ್ಯಾಸ) ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು. ಮೊದಲು ದುಡ್ಡು ಕೊಟ್ಟು ಕೊಂಡ ಥೀಮಿನ ಮಾರಾಟಗಾರರು, ಮಾದರಿ ಪುಟದಲ್ಲಿ ತೋರಿಸಿದ ವಿನ್ಯಾಸ ಸಿಗಬೇಕಾದರೆ ಬೇರೆ ಪ್ಲಗಿನ್‌ಗಳನ್ನೂ (ಹೆಚ್ಚುವರಿ ಸೌಲಭ್ಯ ಸೇರಿಸುವ ತಂತ್ರಾಂಶಗಳು) ಕೊಳ್ಳಬೇಕು ಎಂಬ ಸಂಗತಿಯನ್ನು ಹಣ ಪಾವತಿಯಾದ ಮೇಲಷ್ಟೇ ತಿಳಿಸಿದರು. ಅದರಲ್ಲಿ ಸಾಲುಗಳ ನಡುವಿನ ಅಂತರ ಎಷ್ಟು ಕಡಿಮೆಯಿತ್ತೆಂದರೆ, ಶೀರ್ಷಿಕೆ ಎರಡು ಸಾಲಿಗೆ ಹರಿದಾಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತಿದ್ದವು. ಆ ಥೀಮನ್ನು ತೆಗೆದು, ವರ್ಡ್‌ಪ್ರೆಸ್ ಜೊತೆಯಲ್ಲೇ ಬರುವ ಬ್ಲಾಕ್ ಥೀಮಿಗೆ ಮರಳಿ, ಸ್ಟೈಲ್ಸ್ ವಿಭಾಗದಲ್ಲಿ ಸಾಲಿನ ಎತ್ತರವನ್ನು 1.7ಕ್ಕೆ ಏರಿಸಿದೆ. 2024ರಲ್ಲಿ ಬಂದ 6.5ನೇ ಆವೃತ್ತಿಯ ಫಾಂಟ್ ಲೈಬ್ರರಿಯಿಂದ ನೋಟೋ ಸೆರಿಫ್ ಕನ್ನಡವನ್ನು ಸೇರಿಸಿಕೊಂಡ ಮೇಲೆ ಪುಟ ನೋಡಲು ಹಿತವಾಯಿತು.

ಇನ್ನು ಗಂಟಿನ ವಿಷಯ. ಮೊದಮೊದಲು ಬರೆದ ಟಿಪ್ಪಣಿಗಳಿಗೆಲ್ಲ ‘ಹಳೆಯ ರೇಡಿಯೊ ದುರಸ್ತಿ ಟಿಪ್ಪಣಿ’ ಎಂದು ಶುರುವಾಗುವ ಶೀರ್ಷಿಕೆಗಳಿದ್ದವು. ಅದರ ಮುಂದೆ ಫಿಲ್ಟರ್ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ), ಡಯಲ್ ದಾರ (ನಿಲ್ದಾಣ ತೋರಿಸುವ ಮುಳ್ಳನ್ನು ಎಳೆಯುವ ದಾರ), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಕಾಗದ ಎಂದು ಆಯಾ ಭಾಗದ ಹೆಸರು. ಕಾಲಕ್ರಮದಲ್ಲಿ ಕೆಪಾಸಿಟರ್ ಬರಹವನ್ನು ಪವರ್ ಸಪ್ಲೈ ಕುರಿತ ದೊಡ್ಡ ಬರಹದೊಳಗೆ ಸೇರಿಸಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕಿದೆ. ಹಳೆಯ ಕೊಂಡಿ ಒತ್ತಿದವರಿಗೆ ‘ಪುಟ ಸಿಗಲಿಲ್ಲ’ ಎಂಬ 404 ಪುಟ ಕಾಣುತ್ತದೆ, ಆಮೇಲೆ ಬೇರೆ ಪುಟಕ್ಕೆ ತಿರುಗಿಸುವ ಒಂದು ರಿಡೈರೆಕ್ಟ್ ಹಾಕಿದರಾಯಿತು ಎಂಬುದು ಲೆಕ್ಕಾಚಾರ. ಆದರೆ ಓದುಗರೊಬ್ಬರು ಬರೆದು ತಿಳಿಸಿದ್ದು ಬೇರೆಯೇ: ಕೆಪಾಸಿಟರ್ ಕೊಂಡಿ ಒತ್ತಿದರೆ ಡಯಲ್ ದಾರ ಕಟ್ಟುವ ವಿಧಾನ ತೆರೆದುಕೊಳ್ಳುತ್ತದೆ. ದೋಷದ ಸೂಚನೆಯಿಲ್ಲ, ಎಚ್ಚರಿಕೆಯಿಲ್ಲ. ಬೇರೊಂದು ಪುಟ ತನ್ನದೇ ಮನೆಯೆಂಬಂತೆ ಅಲ್ಲಿ ಕುಳಿತಿರುತ್ತದೆ. ದುರಸ್ತಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಫಿಲ್ಟರ್ ಕೆಪಾಸಿಟರ್‌ನಲ್ಲಿ ರೇಡಿಯೊ ಆರಿಸಿದ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಅದನ್ನು ಮುಟ್ಟುವ ಮೊದಲು ಓದಲೇಬೇಕಾದ ಎಚ್ಚರಿಕೆಯ ಮಾತುಗಳು ಇದ್ದದ್ದು ಆ ಬರಹದಲ್ಲಿ. ಅದನ್ನು ಹುಡುಕಿಕೊಂಡು ಬಂದವರು ದಾರದ ಗಂಟು ಹಾಕುವ ಪುಟ ನೋಡಿ ಹಿಂತಿರುಗುವುದು ನನಗೆ ಸಹಿಸಲಾಗದ ಸಂಗತಿ.

ಅನುಮಾನ ಮೊದಲು ಹೋದದ್ದು, ಪುಟಗಳ ಪ್ರತಿಯನ್ನು ತೆಗೆದಿಟ್ಟುಕೊಳ್ಳುವ ಕ್ಯಾಶ್ ಪ್ಲಗಿನ್ ಮೇಲೆ. ಅದನ್ನು ಖಾಲಿ ಮಾಡಿದರೂ, ಪೂರ್ತಿ ತೆಗೆದರೂ ಅದೇ ಕಥೆ. ಹೋಸ್ಟಿಂಗ್ ಕಂಪನಿಯ ಸಹಾಯ ವಿಭಾಗಕ್ಕೆ ಬರೆದರೆ ‘ಕ್ಯಾಶ್ ಖಾಲಿ ಮಾಡಿ ನೋಡಿ’ ಎಂಬ ಸಿದ್ಧ ಉತ್ತರ ಬಂತು. ಖಾಲಿ ಮಾಡಿದ್ದಾಗಿದೆ ಎಂದು ಮೊದಲ ಪತ್ರದಲ್ಲೇ ಬರೆದಿದ್ದರೂ ಎರಡನೆಯ ಉತ್ತರವೂ ಅದೇ ಆಗಿತ್ತು. ಪತ್ರವನ್ನು ಓದಿ ಉತ್ತರಿಸುವ ಕನಿಷ್ಠ ಸೌಜನ್ಯವನ್ನು ವಾರ್ಷಿಕ ಶುಲ್ಕ ತೆರುವ ಗ್ರಾಹಕರು ನಿರೀಕ್ಷಿಸುವುದು ತಪ್ಪಲ್ಲ. ಅದಾದ ಮೇಲೆ ಹೆಲ್ತ್ ಚೆಕ್ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಸ್ಥಿತಿಗೆ ಹೋಗಿ, ಬೇರೆ ಓದುಗರಿಗೆ ತೊಂದರೆಯಾಗದಂತೆ ನನ್ನ ಲಾಗಿನ್‌ಗೆ ಮಾತ್ರ ಎಲ್ಲ ಪ್ಲಗಿನ್‌ಗಳನ್ನು ನಿಲ್ಲಿಸಿ, ಥೀಮನ್ನೂ ಬದಲಿಸಿ ನೋಡಿದೆ. ಡಯಲ್ ದಾರ ಅಲ್ಲಿಂದ ಕದಲಲಿಲ್ಲ.

ಸುಳಿವು ಸಿಕ್ಕಿದ್ದು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ. ಹೆಸರು ಕೇಳಿ ಹಿಂಜರಿಯುವವರಿಗೆ ಹೇಳಬೇಕಾದ ಮಾತೆಂದರೆ, ಇಲ್ಲಿ ಕೋಡ್ ಓದುವ ಅಗತ್ಯವೇ ಇಲ್ಲ. ನೆಟ್‌ವರ್ಕ್ ಟ್ಯಾಬ್ ತೆರೆದು, ಪುಟ ಬದಲಾದರೂ ದಾಖಲೆ ಅಳಿಯದಂತೆ ‘ಪ್ರಿಸರ್ವ್ ಲಾಗ್’ ಗುರುತು ಹಾಕಿ, ಹಳೆಯ ಕೊಂಡಿಗೆ ಹೋದರೆ ಸಾಕು. ಮೊದಲ ಸಾಲಿನಲ್ಲೇ 301 ಎಂಬ ಸಂಖ್ಯೆ ಕಂಡಿತು. ಅಂದರೆ ಯಾರೋ ‘ಈ ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ’ ಎಂದು ಬ್ರೌಸರ್‌ಗೆ ಹೇಳುತ್ತಿದ್ದಾರೆ. ಆ ಸಾಲನ್ನು ಒತ್ತಿ ಹೆಡರ್‌ಗಳ (ಪುಟದ ಜೊತೆ ಬರುವ ಮಾಹಿತಿ ಸಾಲುಗಳ) ಪಟ್ಟಿ ನೋಡಿದಾಗ ಕೆಳಗೆ ‘ಎಕ್ಸ್-ರಿಡೈರೆಕ್ಟ್-ಬೈ: ವರ್ಡ್‌ಪ್ರೆಸ್’ ಎಂದಿತ್ತು. 2019ರ 5.1ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನು ಮಾಡುವ ಪ್ರತಿ ರಿಡೈರೆಕ್ಟಿಗೂ ಈ ಸಹಿ ಹಾಕುತ್ತದೆ. ಸರ್ವರ್ ತಾನೇ ತಿರುಗಿಸಿದ್ದರೆ ಈ ಸಾಲು ಇರುವುದಿಲ್ಲ. ಅಲ್ಲಿಗೆ ಹೋಸ್ಟಿಂಗ್, ಕ್ಯಾಶ್, ಥೀಮ್ ಎಲ್ಲವೂ ಒಟ್ಟಿಗೆ ಸಂಶಯದ ಪಟ್ಟಿಯಿಂದ ಹೊರಬಿದ್ದವು, ವರ್ಡ್‌ಪ್ರೆಸ್‌ನ ತಿರುಳಿನಲ್ಲೇ ಹುಡುಕಬೇಕೆಂಬುದು ಖಚಿತವಾಯಿತು.

ತಿರುಳಿನಲ್ಲಿ ಇರುವುದು ಒಂದು ಉಪಕಾರ ಬುದ್ಧಿಯ ವ್ಯವಸ್ಥೆ. ಕೇಳಿದ ಕೊಂಡಿಗೆ ಬರಹ ಸಿಗದಿದ್ದಾಗ ವರ್ಡ್‌ಪ್ರೆಸ್ ತಕ್ಷಣ 404 ತೋರಿಸುವುದಿಲ್ಲ. ಕೇಳಿದ ಸ್ಲಗ್‌ನಿಂದಲೇ ಶುರುವಾಗುವ ಬೇರೆ ಯಾವುದಾದರೂ ಪ್ರಕಟಿತ ಬರಹವಿದೆಯೇ ಎಂದು ಡೇಟಾಬೇಸ್‌ನಲ್ಲಿ ಹುಡುಕಿ, ಇದ್ದರೆ ಓದುಗರನ್ನು ಅಲ್ಲಿಗೆ ಕಳುಹಿಸುತ್ತದೆ. ಯಾರಾದರೂ ಕೊಂಡಿಯ ಬಾಲವನ್ನು ಬಿಟ್ಟು ಕಳುಹಿಸಿದಾಗ ಇದರಿಂದ ನಿಜಕ್ಕೂ ಉಪಯೋಗವಿದೆ. ಹಾಗಾದರೆ ಕೆಪಾಸಿಟರ್‌ನ ಸ್ಲಗ್ ಡಯಲ್ ದಾರದ ಸ್ಲಗ್‌ಗೆ ಆರಂಭವಾಗುವುದು ಹೇಗೆ ಸಾಧ್ಯ? ಬರಹಗಳ ಪಟ್ಟಿಗೆ ಹೋಗಿ ಕ್ವಿಕ್ ಎಡಿಟ್ ತೆರೆದು ಒಂದೊಂದಾಗಿ ಸ್ಲಗ್ ನೋಡುತ್ತ ಹೋದಾಗ ಉತ್ತರ ಕಣ್ಣೆದುರಿಗೇ ಇತ್ತು. ಎಲ್ಲವೂ ‘ಹಳೆಯ-ರೇಡಿಯೊ-ದುರಸ್ತಿ-ಟಿಪ್’ ಎಂಬಲ್ಲಿಗೆ ತುಂಡಾಗಿದ್ದವು. ಮೊದಲ ಬರಹದ ಸ್ಲಗ್ ಅಷ್ಟೇ, ಎರಡನೆಯದರ ಕೊನೆಗೆ -2, ಮೂರನೆಯದಕ್ಕೆ -3. ಭಾಗದ ಹೆಸರು ಯಾವ ಸ್ಲಗ್‌ನಲ್ಲೂ ಇರಲಿಲ್ಲ.

ಇದರ ಲೆಕ್ಕವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕನ್ನಡದಲ್ಲಿ ಜಾಲತಾಣ ಕಟ್ಟುವ ಪ್ರತಿಯೊಬ್ಬರಿಗೂ ಇದು ಬೇಕು. ವರ್ಡ್‌ಪ್ರೆಸ್‌ನ ಡೇಟಾಬೇಸ್‌ನಲ್ಲಿ ಸ್ಲಗ್‌ಗೆ ಮೀಸಲಾದ ಜಾಗ 200 ಸ್ಥಾನಗಳದ್ದು. ಇಂಗ್ಲಿಷ್ ಅಕ್ಷರಕ್ಕೆ ಒಂದು ಸ್ಥಾನ ಸಾಕು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ, ಗಣಕದಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್ ಆಗುತ್ತದೆ. ಕೊಂಡಿಯಲ್ಲಿ ಪ್ರತಿ ಬೈಟನ್ನು ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಬರೆಯಲಾಗುತ್ತದೆ. ‘ಕ’ ಎಂಬ ಒಂದಕ್ಷರ ಶೇಕಡಾ-ಇ-ಸೊನ್ನೆ, ಶೇಕಡಾ-ಬಿ-ಎರಡು, ಶೇಕಡಾ-ಒಂಬತ್ತು-ಐದು ಎಂದು ಒಂಬತ್ತು ಸ್ಥಾನ ನುಂಗುತ್ತದೆ. ವಿಳಾಸಪಟ್ಟಿಯಲ್ಲಿ ಬ್ರೌಸರ್ ಅದನ್ನು ಕನ್ನಡದಲ್ಲೇ ತೋರಿಸುವುದರಿಂದ ಈ ಉದ್ದ ನಮ್ಮ ಕಣ್ಣಿಗೆ ಬೀಳುವುದಿಲ್ಲ; ನಕಲು ಮಾಡಿ ಬೇರೆಡೆ ಅಂಟಿಸಿದಾಗಲೇ ಆ ಶೇಕಡಾ ಚಿಹ್ನೆಗಳ ಮೆರವಣಿಗೆ ಹೊರಬರುತ್ತದೆ. 200ನ್ನು 9ರಿಂದ ಭಾಗಿಸಿದರೆ ಸಿಗುವುದು 22 ಸಂಕೇತ. ಅದರಲ್ಲೂ ಕಾಗುಣಿತದ ಪ್ರತಿ ಗುರುತು ಒಂದು ಸಂಕೇತ, ಒತ್ತಕ್ಷರ ಬರೆಯಲು ಬೇಕಾದ ಅರ್ಧಾಕ್ಷರ ಚಿಹ್ನೆಯೂ ಒಂದು ಸಂಕೇತ. ‘ಸ್ತಿ’ ಎಂಬ ಒಂದು ಅಕ್ಷರ ನಾಲ್ಕು ಸಂಕೇತಗಳಾಗಿ 36 ಸ್ಥಾನ ಹಿಡಿಯುತ್ತದೆ.

ನನ್ನ ಶೀರ್ಷಿಕೆಯ ಮೊದಲ ಮೂರು ಪದಗಳಲ್ಲಿ 17 ಸಂಕೇತಗಳಿವೆ. ಪದಗಳ ನಡುವಿನ ಅಡ್ಡಗೆರೆಗಳೂ ಸೇರಿ 156 ಸ್ಥಾನ. ಉಳಿದ 44 ಸ್ಥಾನಗಳಲ್ಲಿ ‘ಟಿಪ್ಪಣಿ’ಯ ನಾಲ್ಕು ಸಂಕೇತಗಳು ಮಾತ್ರ ಹಿಡಿದು ಮೊತ್ತ 192ಕ್ಕೆ ಬಂತು, ಐದನೆಯದು ಸೇರಿದರೆ 201. ಸಂಕೇತವೊಂದನ್ನು ನಡುವೆ ಕತ್ತರಿಸಬಾರದು ಎಂಬ ಎಚ್ಚರಿಕೆ ವರ್ಡ್‌ಪ್ರೆಸ್‌ಗಿದೆ, ಆದರೆ ಅಕ್ಷರವನ್ನು ನಡುವೆ ಕತ್ತರಿಸಬಾರದು ಎಂಬ ಅರಿವಿಲ್ಲ. ಹಾಗಾಗಿ ಹತ್ತು ಅಕ್ಷರಗಳು ಪೂರ್ತಿ ಉಳಿದು ಹನ್ನೊಂದನೆಯದು ಅರ್ಧಕ್ಕೆ ನಿಂತಿತು. ಒಂದೇ ಸ್ಲಗ್ ಎರಡು ಬರಹಗಳಿಗೆ ಇರುವಂತಿಲ್ಲವಾದ್ದರಿಂದ ವ್ಯವಸ್ಥೆ -2, -3 ಎಂದು ಬಾಲ ಕಟ್ಟಿತು. ಬಾಲವಿಲ್ಲದ ಮೊದಲ ಬರಹ ಬುಟ್ಟಿಗೆ ಹೋದಾಗ, ಬಾಲವಿರುವವೆಲ್ಲ ಅದರ ಮುಂದುವರಿದ ರೂಪಗಳಂತೆ ಕಂಡು, ಡೇಟಾಬೇಸ್ ಮೊದಲು ಎತ್ತಿಕೊಟ್ಟ ಡಯಲ್ ದಾರಕ್ಕೆ ಓದುಗರು ಹೋದರು. ಬಾಲವಿರುವ ಸ್ಲಗ್‌ಗಳಿಗೂ ಇದೇ ಅಪಾಯವಿದೆ: -2 ಅಳಿದರೆ -20 ಅದರ ಮುಂದುವರಿಕೆಯಂತೆ ಕಾಣುತ್ತದೆ.

ಪರಿಹಾರವನ್ನು ಕೋಡ್ ಇಲ್ಲದೆಯೇ ಮಾಡಬೇಕೆಂಬುದು ಈ ಯೋಜನೆಯ ಕಟ್ಟುನಿಟ್ಟು. ಸ್ಲಗ್‌ಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡ ಬರಹದ ವಿಳಾಸ ಕನ್ನಡದಲ್ಲಿರುವುದು ಓದುಗರಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿಸುತ್ತದೆ, ತಾಂತ್ರಿಕವಾಗಿ ಅದಕ್ಕೆ ಅಡ್ಡಿಯೂ ಇಲ್ಲ. ಬೇಕಿರುವುದು ಮೊಟಕು ಸ್ಲಗ್. ‘ಡಯಲ್-ದಾರ’ ಎಂದರೆ 64 ಸ್ಥಾನ, ‘ಕೆಪಾಸಿಟರ್’ ಎಂದರೆ 81. ಕ್ವಿಕ್ ಎಡಿಟ್‌ನಲ್ಲಿ ಎಲ್ಲ ಬರಹಗಳ ಸ್ಲಗ್‌ಗಳನ್ನು ಹೀಗೆ ಕೈಯಾರೆ ಬದಲಿಸಿದೆ. ಪ್ರಕಟವಾದ ಬರಹದ ಸ್ಲಗ್ ಬದಲಿಸಿದಾಗ ಹಳೆಯದನ್ನು ವರ್ಡ್‌ಪ್ರೆಸ್ ತಾನೇ ನೆನಪಿಟ್ಟುಕೊಂಡು ಹೊಸದಕ್ಕೆ ತಿರುಗಿಸುತ್ತದೆ, ಹಾಗಾಗಿ ಹಂಚಿಹೋಗಿದ್ದ ಕೊಂಡಿಗಳು ಕೆಡಲಿಲ್ಲ. ಆದರೆ ಈ ನೆನಪು ‘ಪೋಸ್ಟ್’ಗಳಿಗೆ ಮಾತ್ರ, ‘ಪೇಜ್’ಗಳಿಗೆ ಈ ಸೌಲಭ್ಯವಿಲ್ಲ, ಅವುಗಳಿಗೆ ರಿಡೈರೆಕ್ಷನ್ ಪ್ಲಗಿನ್‌ನಲ್ಲಿ ಪ್ರತ್ಯೇಕವಾಗಿ ದಾಖಲಿಸಬೇಕು. ಇನ್ನೊಂದು ಎಚ್ಚರಿಕೆಯೂ ಇದೆ. ಖಾಲಿಯಾದ ಹಳೆಯ ಸ್ಲಗ್ ಯಾರಿಗೂ ಮೀಸಲಲ್ಲ. ಅದೇ ಮಾತುಗಳಿಂದ ಶುರುವಾಗುವ ಹೊಸ ಬರಹ ಪ್ರಕಟಿಸಿದರೆ ಆ ಸ್ಲಗ್ ಅದರ ಪಾಲಾಗಿ, ಹಳೆಯ ಕೊಂಡಿ ಒತ್ತಿದವರು ಮತ್ತೆ ಬೇರೆ ಪುಟ ನೋಡುತ್ತಾರೆ. ಆದ್ದರಿಂದ ಶೀರ್ಷಿಕೆಯ ಕ್ರಮವನ್ನೇ ತಿರುಗಿಸಿ, ಭಾಗದ ಹೆಸರನ್ನು ಮೊದಲಿಗೆ ತಂದಿದ್ದೇನೆ.

ಬುಟ್ಟಿಗೆ ಹೋದ ಕೆಪಾಸಿಟರ್ ಬರಹದ ಕೊಂಡಿಯನ್ನು ರಿಡೈರೆಕ್ಷನ್ ಪ್ಲಗಿನ್ ಮೂಲಕ ಪವರ್ ಸಪ್ಲೈ ಬರಹಕ್ಕೆ ಜೋಡಿಸಿದ ಮೇಲೂ ನನ್ನ ಬ್ರೌಸರ್‌ನಲ್ಲಿ ಡಯಲ್ ದಾರವೇ ತೆರೆದುಕೊಂಡಿತು. ತಾಳ್ಮೆಯ ಕಟ್ಟೆಯೊಡೆಯುವ ಹಂತ ಅದು. ಕಾರಣ ಆ 301 ಎಂಬ ಸಂಖ್ಯೆಯಲ್ಲೇ ಇದೆ: ಶಾಶ್ವತ ಎಂದು ಹೇಳಿಸಿಕೊಂಡ ರಿಡೈರೆಕ್ಟನ್ನು ಬ್ರೌಸರ್ ನೆನಪಿಟ್ಟುಕೊಂಡು, ಮುಂದಿನ ಸಲ ಸರ್ವರನ್ನು ಕೇಳದೆಯೇ ಅಲ್ಲಿಗೆ ಹೋಗಿಬಿಡುತ್ತದೆ. ಖಾಸಗಿ ಕಿಟಕಿಯಲ್ಲಿ ತೆರೆದಾಗ ಪವರ್ ಸಪ್ಲೈ ಬರಹ ಸರಿಯಾಗಿ ಬಂತು. ರಿಡೈರೆಕ್ಟ್‌ಗಳನ್ನು ಪರೀಕ್ಷಿಸುವಾಗ ಖಾಸಗಿ ಕಿಟಕಿಯನ್ನಷ್ಟೇ ಬಳಸಿ. ಇಲ್ಲದಿದ್ದರೆ ಸರಿಯಾದ ಪರಿಹಾರವನ್ನೂ ತಪ್ಪೆಂದು ಕಿತ್ತುಹಾಕುವ ಸಾಧ್ಯತೆಯಿದೆ.

ಊಹೆ ಮಾಡುವ ಆ ವ್ಯವಸ್ಥೆಯನ್ನೇ ನಿಲ್ಲಿಸಬೇಕೆ ಎಂಬ ಪ್ರಶ್ನೆ ಉಳಿದಿತ್ತು. 2020ರ 5.5ನೇ ಆವೃತ್ತಿಯಿಂದ ಅದನ್ನು ನಿಲ್ಲಿಸಲು ಒಂದು ಫಿಲ್ಟರ್, ಅಂದರೆ ವರ್ಡ್‌ಪ್ರೆಸ್‌ನ ವರ್ತನೆಯನ್ನು ಕೋಡ್ ಮೂಲಕ ಬದಲಿಸುವ ಕೊಕ್ಕೆ, ಇದೆ. ಒಂದು ಸಾಲು ಕೋಡ್ ಅಂಟಿಸಿದರೆ ಮುಗಿಯುತ್ತದೆ. ಒಂದೇ ಸಾಲಾದರೂ ಅದು ಕೋಡೇ, ಆದ್ದರಿಂದ ಈ ಒಂದು ಕೆಲಸ ಮಾತ್ರ ಮಾಡುವ ಪುಟ್ಟ ಪ್ಲಗಿನ್ ಹಾಕಿಕೊಂಡೆ. ತಪ್ಪು ಪುಟಕ್ಕೆ ಹೋಗುವುದಕ್ಕಿಂತ ಪುಟವಿಲ್ಲವೆಂದು ತಿಳಿಯುವುದೇ ದುರಸ್ತಿ ಮಾಡುವವರಿಗೆ ಕ್ಷೇಮ ಎಂಬುದು ನನ್ನ ದೃಢ ಅಭಿಪ್ರಾಯ. ಸೈಟ್ ಎಡಿಟರ್‌ನಲ್ಲಿ 404 ಪುಟದ ಟೆಂಪ್ಲೇಟ್ ತೆರೆದು ಹುಡುಕುವ ಬ್ಲಾಕ್, ವಿಭಾಗಗಳ ಪಟ್ಟಿ, ಇತ್ತೀಚಿನ ಬರಹಗಳು ಇವಿಷ್ಟನ್ನು ಜೋಡಿಸಿದ್ದರಿಂದ, ದಾರಿ ತಪ್ಪಿದವರು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ವಿಭಾಗ ಮತ್ತು ಟ್ಯಾಗ್‌ಗಳ ಸ್ಲಗ್‌ಗಳಿಗೂ ಅದೇ 200 ಸ್ಥಾನಗಳ ಮಿತಿ ಇರುವುದರಿಂದ ಅವನ್ನೂ ಮೊಟಕುಗೊಳಿಸುತ್ತಿದ್ದೇನೆ.

ಇದೇ ಲೆಕ್ಕಾಚಾರ ಮುಂದಿನ ಯೋಜನೆಗೂ ದಾರಿ ಮಾಡಿಕೊಟ್ಟಿದೆ. ದುರಸ್ತಿಯಲ್ಲಿ ಬಳಸುವ ವಾಲ್ವ್‌ಗಳಿಗೆ ಪ್ರತ್ಯೇಕ ಪೋಸ್ಟ್ ಪ್ರಕಾರ ಮಾಡಿ, ಹೀಟರ್ (ವಾಲ್ವ್‌ನೊಳಗಿನ ಕಾಯಿಸುವ ತಂತಿ) ವೋಲ್ಟೇಜ್, ಪಿನ್ ಜೋಡಣೆ ಮುಂತಾದವನ್ನು ಕಸ್ಟಮ್ ಫೀಲ್ಡ್‌ಗಳಲ್ಲಿ ತುಂಬಿ, ಕ್ವೆರಿ ಲೂಪ್ ಬ್ಲಾಕ್ ಮೂಲಕ ಪಟ್ಟಿಯಾಗಿ ತೋರಿಸಬೇಕೆಂದಿದ್ದೇನೆ. ಕೊಂಡಿಗಳ ರೂಪ ನಿರ್ಧರಿಸುವ ಪರ್ಮಾಲಿಂಕ್ ಸೆಟ್ಟಿಂಗ್‌ನಲ್ಲಿ ಆರಿಸುವ ವಿನ್ಯಾಸ ಮಾಮೂಲಿ ಪೋಸ್ಟ್‌ಗಳಿಗಷ್ಟೇ ಅನ್ವಯಿಸುತ್ತದೆ, ಹಾಗಾಗಿ ಇಲ್ಲಿ ಸ್ಲಗ್‌ನ ಆಯ್ಕೆ ಇನ್ನೂ ಮುಖ್ಯವಾಗುತ್ತದೆ. ವಾಲ್ವ್‌ನ ಮೈಮೇಲೆ ಮುದ್ರಿಸಿರುವ ಸಂಖ್ಯೆಯೇ ಸ್ಲಗ್ ಆಗಲಿ ಎಂದು ತೀರ್ಮಾನಿಸಿದ್ದೇನೆ. ಮೊಟಕಾಗಿದೆ, ಒಂದರಂತೆ ಇನ್ನೊಂದಿಲ್ಲ. ಆದರೆ ಒಂದೇ ವಾಲ್ವ್‌ಗೆ ಎರಡು ಹೆಸರುಗಳಿರುವುದು ಈ ಲೋಕದ ರೂಢಿ: ಯುರೋಪಿನ ಇಸಿಸಿ83 ಅಮೆರಿಕದಲ್ಲಿ 12ಎಎಕ್ಸ್7, ಇಎಲ್84 ಅಲ್ಲಿ 6ಬಿಕ್ಯೂ5. ಯುರೋಪಿನ ಹೆಸರಿನ ಮೊದಲಕ್ಷರವೇ ಹೀಟರ್ ಯಾವ ಬಗೆಯದೆಂದು ಹೇಳುವುದರಿಂದ ಅದನ್ನೇ ಸ್ಲಗ್ ಮಾಡಿ, ಅಮೆರಿಕದ ಹೆಸರನ್ನು ರಿಡೈರೆಕ್ಟ್ ಆಗಿ ದಾಖಲಿಸುವ ಕೋಷ್ಟಕವನ್ನು ಸಿದ್ಧಪಡಿಸಲು ತೊಡಗಿದ್ದೇನೆ.