ಗ್ಲೆಚ್‌ನಲ್ಲಿ ಒಂದು ಹಳೇ ಫೋಟೋ ಹಿಡಿದು

ಹಿಮನದಿಗಳ ಹಳೇ ಫೋಟೋ ತೆಗೆದ ಜಾಗ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೋ ತೆಗೆಯೋದು ನನ್ನ ಎಂಎಸ್ಸಿ ಪ್ರಾಜೆಕ್ಟಿನ ಮುಖ್ಯ ಕೆಲಸ. ಕೇಳೋಕೆ ಸುಲಭ. 2023ರ ಬೇಸಿಗೆಯಲ್ಲಿ ಅದಕ್ಕಾಗಿಯೇ ಸ್ವಿಟ್ಜರ್ಲೆಂಡಿನ ಗ್ಲೆಚ್‌ಗೆ ಹೋಗಿದ್ದೆ. ಒಂದು ಹಳೇ ಹೋಟೆಲ್, ಒಂದು ರೈಲು ನಿಲ್ದಾಣ, ಬಿಟ್ಟರೆ ಹೆಚ್ಚೇನಿಲ್ಲ.

ಹಳೇ ಚಿತ್ರವನ್ನು ಕೈಯಲ್ಲಿ ಹಿಡಿದು, ಮುಂದಿನ ಬಂಡೆಯ ತುದಿ ಹಿಂದಿನ ಬೆಟ್ಟದ ಕೊರಕಲಿಗೆ ಸರಿಯಾಗಿ ಕೂರುವವರೆಗೆ ಎಡಕ್ಕೆರಡು ಹೆಜ್ಜೆ, ಬಲಕ್ಕೊಂದು ಹೆಜ್ಜೆ ಇಡುತ್ತಾ ಹೋಗಬೇಕು. ಬೆಟ್ಟದ ಸಾಲು ತಟ್ಟನೆ ಹೊಂದಿತು. ಚಿತ್ರದಲ್ಲಿ ಕಣಿವೆಯ ತಳವನ್ನೇ ತುಂಬಿಕೊಂಡಿದ್ದ ರೋನ್ ಹಿಮನದಿ ಮಾತ್ರ ಎಲ್ಲೂ ಇಲ್ಲ. ಅದರ ಜಾಗದಲ್ಲಿ ಬೋಳು ಬಂಡೆ, ಜಲ್ಲಿಕಲ್ಲು, ಅದರ ನಡುವೆ ಹರಿಯುವ ನದಿ. 1856ರ ಸುಮಾರಿಗೆ ಹಿಮ ಎಲ್ಲಿವರೆಗೆ ಬಂದಿತ್ತು ಅಂತ ತೋರಿಸೋ ಕಲ್ಲುಮಣ್ಣಿನ ದಿಬ್ಬದ ಮೇಲೆ ಈಗ ಹುಲ್ಲು.

ಈ ಹಿಮನದಿಯನ್ನು 1874ರಿಂದಲೇ ಪದ್ಧತಿಯಾಗಿ ಅಳೆದಿದ್ದಾರೆ. ಹಿಮದ ಮೇಲೆ ಅಡ್ಡಕ್ಕೆ, ಒಂದೊಂದು ಸಾಲಿಗೆ ಒಂದೊಂದು ಬಣ್ಣ ಬಳಿದ ಕಲ್ಲುಗಳನ್ನಿಟ್ಟರು. ವರ್ಷ ಕಳೆದಂತೆ ಸಾಲು ಬಿಲ್ಲಿನಂತೆ ಬಾಗಿತು: ಅಂಚಿಗಿಂತ ನಡುವಿನ ಹಿಮ ಜೋರಾಗಿ ಸರಿಯುತ್ತೆ. ಆ ನಕ್ಷೆಗಳನ್ನು ನೋಡ್ತಾ ಕೂತರೆ ನನಗೆ ಊಟ ನೆನಪಾಗಲ್ಲ.

ಮೇಲೆ, ಹಿಮನದಿಯ ಪಕ್ಕದ ರಸ್ತೆಯಲ್ಲಿರೋ ಬೆಲ್ವೆಡೇರ್ ತಿರುವಿಗೆ ಬಸ್ಸಿನಲ್ಲಿ ಹೋದೆ. ಹಿಮದೊಳಗೆ ಕೊರೆದ ಗುಹೆಯ ಸುತ್ತ, ಕರಗದಿರಲಿ ಅಂತ ಬಿಳಿ ಬಟ್ಟೆ ಹೊದಿಸಿದ್ದರು. ಕೊಳೆಯಾಗಿ ಅಲ್ಲಲ್ಲಿ ಹರಿದ ಬಟ್ಟೆ, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಸ್ಸಲ್ಲಿ ಪಕ್ಕ ಕೂತಿದ್ದವರು ಕೇಳಿದರು: '1856ರ ಹೊತ್ತಿಗೆ ಕಾರೇ ಇರಲಿಲ್ಲ, ಆಗಿನಿಂದಲೇ ಕರಗ್ತಾ ಇದೆ ಅಲ್ವಾ? ಮತ್ತೆ ಮನುಷ್ಯನ ತಪ್ಪು ಹೇಗೆ?'

ಒಳ್ಳೇ ಪ್ರಶ್ನೆ. ಕೆಲವು ಶತಮಾನ ಇದ್ದ ತಂಪು ಕಾಲ, ಅಂದರೆ ಕಿರು ಹಿಮಯುಗ, ಮುಗಿದದ್ದೇ ಆಗ, ಮೊದಲ ಕರಗುವಿಕೆಯಲ್ಲಿ ಪ್ರಕೃತಿಯ ಪಾಲೇ ಜಾಸ್ತಿ. ಹವೆ ಬದಲಾದ ಮೇಲೂ ದೊಡ್ಡ ಹಿಮನದಿ ಹೊಂದಿಕೊಳ್ಳೋಕೆ ದಶಕಗಳು ಬೇಕು. 2014ರ ಒಂದು ಅಧ್ಯಯನದ ಪ್ರಕಾರ, 1851ರಿಂದ 2010ರವರೆಗೆ ಜಗತ್ತಿನ ಹಿಮನದಿಗಳು ಕಳೆದುಕೊಂಡದ್ದರಲ್ಲಿ ಮನುಷ್ಯನ ಪಾಲು ಸುಮಾರು ಕಾಲು ಭಾಗ. 1991ರಿಂದ 2010ರವರೆಗಿನದನ್ನು ಮಾತ್ರ ತಗೊಂಡರೆ ಸುಮಾರು ಮೂರರಲ್ಲಿ ಎರಡು ಪಾಲು. ಈ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ಹೇಳದಿದ್ದರೆ ಮನುಷ್ಯನಿಂದ ಹಿಮ ಕರಗ್ತಿದೆ ಅನ್ನೋ ವಾದ ಸೋಲುತ್ತೆ, ಅದೇ ನನ್ನ ತಕರಾರು. 2022 ಒಂದೇ ವರ್ಷದಲ್ಲಿ ಸ್ವಿಸ್ ಹಿಮನದಿಗಳು ಸುಮಾರು ಶೇ 6ರಷ್ಟು ಹಿಮ ಕಳೆದುಕೊಂಡವು ಅಂತಲೂ ನಾನು ಅವರಿಗೆ ಹೇಳಿದೆ.

'ಹಾಗಾದ್ರೆ ಈ ಬಟ್ಟೆ?' ಅಂದರು. ಗುಹೆ ಉಳಿಸೋಕೆ ಸಾಕು, ಹಿಮನದಿಗಲ್ಲ ಅಂದೆ. 'ಇರೋವಾಗ್ಲೇ ನೋಡಿಬಿಡ್ತೀನಿ' ಅಂತ ಟಿಕೆಟ್ ಕೊಂಡು ಒಳಗೆ ಹೋದರು.